ಪ್ರವೇಶ ಪರೀಕ್ಷೆಯ ಅಂಕಗಳೂ ಕನ್ನಡದ ಓದು-ಬರಹವೂ



ದಕ್ಷಿಣ ಸೋಲಾಪುರ ತಾಲೂಕಿನ ಮಂದ್ರೂಪ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ, ಅಕ್ಕಲಕೋಟ ತಾಲೂಕಿನ ಅನೇಕ ಊರುಗಳಲ್ಲಿ, ಮಕ್ಕಳು ಕನ್ನಡವನ್ನಾಡುತ್ತ ಬೆಳೆದು ಕನ್ನಡದಲ್ಲಿಯೇ ಅಕ್ಷರ ಕಲಿಯುತ್ತಾರೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಗೊಂಡ ಬಾಲಭಾರತಿ ಸಂಸ್ಥೆಯು ಮರಾಠಿ, ಉರ್ದು, ಗುಜರಾತಿಗಳಂತೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಹತ್ತನೆಯ ಇಯತ್ತೆಯ ನಂತರ ದಾರಿ ಬದಲಾಗುತ್ತದೆ. ವಿಜ್ಞಾನ ಶಾಖೆಗೆ ಹೋದ ವಿದ್ಯಾರ್ಥಿ ಒಮ್ಮೆಲೇ ಇಂಗ್ಲಿಷಿನ ಪುಸ್ತಕಗಳ ಎದುರು ನಿಲ್ಲುತ್ತಾನೆ. ಎರಡೇ ವರ್ಷಗಳಲ್ಲಿ ಪ್ರವೇಶ ಪರೀಕ್ಷೆ ಬಂದುಬಿಡುತ್ತದೆ. ಅಲ್ಲಿ ಅಂಕ ಕಡಿಮೆಯಾದರೆ ಪಾಲಕರು ಕನ್ನಡ ಶಾಲೆಯನ್ನೇ ದೂರುತ್ತಾರೆ, ಕಿರಿಯ ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಹೀಗೆ ಹನ್ನೆರಡನೆಯ ಇಯತ್ತೆಯಾಚೆಯ ಪರೀಕ್ಷೆಯೊಂದರ ಫಲಿತಾಂಶವು ಒಂದನೆಯ ಇಯತ್ತೆಯ ಪಟಸಂಖ್ಯೆಯನ್ನು ತಟ್ಟುತ್ತದೆ. ಆದುದರಿಂದ ಈ ಪರೀಕ್ಷೆಗಳ ವಿಚಾರವು ಕಿರಿಯ ಮಹಾವಿದ್ಯಾಲಯದವರಿಗೆ ಮಾತ್ರ ಬಿಟ್ಟದ್ದಲ್ಲ. ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಕನ್ನಡ ಶಿಕ್ಷಕರದೂ ಹೌದು.

ಮೊದಲು ಪರೀಕ್ಷೆಗಳ ಸ್ವರೂಪವನ್ನು ತಿಳಿಯತಕ್ಕದ್ದು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕಾಗಿ 2022ರಲ್ಲಿ ಆರಂಭವಾದ ಸಿಯುಇಟಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಅದರಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿಯೂ ಆಯ್ದುಕೊಳ್ಳಬಹುದು. ಆ ಪತ್ರಿಕೆ ಮುಖ್ಯವಾಗಿ ಗದ್ಯಭಾಗಗಳ ಗ್ರಹಿಕೆಯನ್ನೂ ಶಬ್ದಜ್ಞಾನವನ್ನೂ ಅಳೆಯುತ್ತದೆ. 2025ರ ಕ್ರಮದಂತೆ ಪ್ರತಿ ವಿಷಯಕ್ಕೆ 60 ನಿಮಿಷಗಳಲ್ಲಿ 50 ಪ್ರಶ್ನೆಗಳು; ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿಯೂ ಕನ್ನಡದ ಪ್ರಶ್ನಪತ್ರಿಕೆಯುಂಟು. ಆದರೆ ಅದು ದೊರೆಯುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಮಂದ್ರೂಪದ ವಿದ್ಯಾರ್ಥಿ ಸೋಲಾಪುರದಲ್ಲಿ ಪರೀಕ್ಷೆಗೆ ಕುಳಿತರೆ ಇಂಗ್ಲಿಷ್, ಹಿಂದಿ, ಉರ್ದು ಅಥವಾ ಮರಾಠಿಯನ್ನು ಆಯ್ದುಕೊಳ್ಳಬೇಕು; ಕನ್ನಡ ಬೇಕೆಂದರೆ ಅರ್ಜಿ ತುಂಬುವಾಗಲೇ ಕರ್ನಾಟಕದ ಕೇಂದ್ರವನ್ನು ಕೇಳಬೇಕು. ಕನ್ನಡದ ಪತ್ರಿಕೆಯಲ್ಲಿ ಇಂಗ್ಲಿಷ್ ಪಾಠವೂ ಜೊತೆಗಿರುತ್ತದೆ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷಿನದೇ ಅಂತಿಮ. ಮಹಾರಾಷ್ಟ್ರದ ಎಂಎಚ್‌ಟಿ-ಸಿಇಟಿಯಲ್ಲಿ ಕನ್ನಡವಿಲ್ಲ. ಈ ಸಂಗತಿಗಳನ್ನು ಹತ್ತನೆಯ ಇಯತ್ತೆಯಲ್ಲಿರುವಾಗಲೇ ಪಾಲಕರಿಗೆ ತಿಳಿಸುವುದು ಶಾಲೆಯ ಕರ್ತವ್ಯ.

ಹಾಗಾದರೆ ಪರೀಕ್ಷೆ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ನಡೆಯುವಾಗ ಕನ್ನಡದ ಓದಿನಿಂದ ಏನು ಲಾಭವೆಂಬ ಪ್ರಶ್ನೆ ಸಹಜವೇ. ಇದಕ್ಕೆ ಭಾಷಾಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ವಿಚಾರ ಉತ್ತರ ಕೊಡುತ್ತದೆ. ಮಗುವು ಬಲ್ಲ ಭಾಷೆಯಲ್ಲಿ ಬಲಿತ ಓದಿನ ಸಾಮರ್ಥ್ಯವು, ಎರಡನೆಯ ಭಾಷೆಯ ಸಾಕಷ್ಟು ಪರಿಚಯ ದೊರೆತಾಗ, ಅಲ್ಲಿಗೂ ಸಾಗುತ್ತದೆ. ಗದ್ಯಭಾಗದ ಮುಖ್ಯ ಮಾತನ್ನು ಗುರುತಿಸುವುದು, ಹೇಳದೆ ಉಳಿದುದನ್ನು ಊಹಿಸುವುದು, ಕಾರಣವನ್ನು ಪರಿಣಾಮದಿಂದ ಬೇರ್ಪಡಿಸುವುದು, ಇವನ್ನು ಒಮ್ಮೆ ಕಲಿತರೆ ಸಾಕು. ಕನ್ನಡದಲ್ಲಿ ಇದನ್ನು ಕಲಿಯದವನು ಇಂಗ್ಲಿಷಿನಲ್ಲಿ ಎರಡು ಭಾರಗಳನ್ನು ಏಕಕಾಲಕ್ಕೆ ಹೊರಬೇಕಾಗುತ್ತದೆ. ಕನ್ನಡವು ಅಡ್ಡಿಯಲ್ಲ, ಅಡಿಪಾಯ. ಆದರೆ ಅಡಿಪಾಯ ಗಟ್ಟಿಯಾಗಿರಬೇಕು. ಪಾಠದ ಕೆಳಗಿನ ಪ್ರಶ್ನೆಗಳಿಗೆ ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿಸಿದರೆ ಅದು ಗಟ್ಟಿಯಾಗದು.

ತರಗತಿಯಲ್ಲಿ ಮಾಡಬಹುದಾದ ಕೆಲಸಗಳು ನಾಲ್ಕು.

ಮೊದಲನೆಯದು, ಅಪರಿಚಿತ ಗದ್ಯದ ನಿತ್ಯದ ಓದು. ಕುಮಾರಭಾರತಿಯ ಪಾಠಗಳಲ್ಲದೆ ದಿನಕ್ಕೊಂದು ಹೊಸ ಗದ್ಯಭಾಗವನ್ನು ಮಕ್ಕಳು ಮೌನವಾಗಿ ಓದಬೇಕು. ವಿಷಯ ನೆಲದ್ದೇ ಆಗಿರಲಿ: ಸೊನ್ನಲಿಗೆಯ ಸಿದ್ಧರಾಮ ಕಟ್ಟಿಸಿದ ಕೆರೆ, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಸೋಲಾಪುರದ ಜಯದೇವಿತಾಯಿ ಲಿಗಾಡೆ, 1931ರ ಜನವರಿ 12ರಂದು ಯರವಡಾ ಕಾರಾಗೃಹದಲ್ಲಿ ಗಲ್ಲಿಗೇರಿದ ಸೋಲಾಪುರದ ನಾಲ್ವರು ಹುತಾತ್ಮರು.

ಎರಡನೆಯದು, ಪ್ರಶ್ನೆಯ ಬಗೆಯನ್ನು ಗುರುತಿಸುವುದು. ಉದಾಹರಣೆಗೆ ಈ ವಾಕ್ಯಗಳನ್ನು ತೆಗೆದುಕೊಳ್ಳಬಹುದು: ‘ಹಿಂಗಾರಿ ಜೋಳ ಬೆಳೆಯುವ ಕಾಲದಲ್ಲಿ ಮಳೆ ವಿರಳ. ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಪೈರು ನಿಲ್ಲುತ್ತದೆ.’ ಪೈರು ಯಾವುದರ ಮೇಲೆ ನಿಲ್ಲುತ್ತದೆ ಎಂಬುದರ ಉತ್ತರ ಪಾಠದಲ್ಲಿಯೇ ಇದೆ. ತೆಳುವಾದ ಮರಡಿ ನೆಲದಲ್ಲಿ ಇದೇ ಪೈರು ಏನಾದೀತು ಎಂಬುದಕ್ಕೆ ಉತ್ತರ ಪಾಠದಲ್ಲಿಲ್ಲ, ಪಾಠದಿಂದ ಹೊರಡುತ್ತದೆ. ‘ನಿಲ್ಲುತ್ತದೆ’ ಎಂಬ ಶಬ್ದಕ್ಕೆ ಇಲ್ಲಿ ಯಾವ ಅರ್ಥ ಎಂಬುದು ಮೂರನೆಯ ಬಗೆ. ಇಡೀ ಭಾಗಕ್ಕೆ ಶೀರ್ಷಿಕೆ ಕೊಡುವುದು ನಾಲ್ಕನೆಯದು. ಮಕ್ಕಳೇ ಈ ನಾಲ್ಕು ಬಗೆಯ ಪ್ರಶ್ನೆಗಳನ್ನು ರಚಿಸಿದಾಗ ಪರೀಕ್ಷಕನ ಮನಸ್ಸು ಅವರಿಗೆ ತಿಳಿಯತೊಡಗುತ್ತದೆ.

ಮೂರನೆಯದು, ಶಬ್ದಗಳ ಎಚ್ಚರ. ಗಡಿಭಾಗದ ಮಗುವಿನ ಕಿವಿಯ ಮೇಲೆ ಎರಡು ಭಾಷೆಗಳು ಒಟ್ಟಿಗೆ ಬೀಳುತ್ತವೆ. ಒಂದೇ ರೂಪದ ಶಬ್ದ ಎರಡೂ ಕಡೆ ಬೇರೆ ಅರ್ಥ ಕೊಡುವುದುಂಟು. ಕನ್ನಡದ ಬಳಕೆಯಲ್ಲಿ ‘ಅನುಮಾನ’ವೆಂದರೆ ಸಂದೇಹ, ಮರಾಠಿಯಲ್ಲಿ ತರ್ಕದಿಂದ ಪಡೆದ ತೀರ್ಮಾನ. ಕನ್ನಡದ ‘ಅವಕಾಶ’ ಅನುಕೂಲ ಸಂದರ್ಭವಾದರೆ ಮರಾಠಿಯ ವಿಜ್ಞಾನ ಪುಸ್ತಕದಲ್ಲಿ ಅದು ಅಂತರಿಕ್ಷ. ಆಡುಮಾತಿನಲ್ಲಿ ‘ವೇಗ’ ಒಂದೇ. ಭೌತವಿಜ್ಞಾನದಲ್ಲಿ ದಿಕ್ಕಿಲ್ಲದ್ದು ‘ಜವ’, ದಿಕ್ಕುಳ್ಳದ್ದು ‘ವೇಗ’, ಮರಾಠಿಯಲ್ಲಿ ಇವೇ ‘ಚಾಲ’ ಮತ್ತು ‘ವೇಗ’. ಎಂಟನೆಯ ಇಯತ್ತೆಯಿಂದಲೇ ಪ್ರತಿ ವಿದ್ಯಾರ್ಥಿಯ ಬಳಿ ಕನ್ನಡ, ಮರಾಠಿ, ಇಂಗ್ಲಿಷ್ ಪದಗಳನ್ನು ಅಕ್ಕಪಕ್ಕ ಬರೆದ ವಹಿಯೊಂದಿದ್ದರೆ ಹನ್ನೊಂದನೆಯ ಇಯತ್ತೆಯ ಮೊದಲ ತಿಂಗಳುಗಳು ಅಷ್ಟು ಕಠಿಣವಾಗವು.

ಪ್ರಶ್ನೆಯ ವಾಕ್ಯರಚನೆಗೂ ಇದೇ ಎಚ್ಚರ ಬೇಕು. ಕನ್ನಡದಲ್ಲಿ ‘ಅಲ್ಲ’ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನ ‘ನಾಟ್’ ನಡುವೆ ಅಡಗಿರುತ್ತದೆ. ಕನ್ನಡದ ರೂಢಿಯಂತೆ ಕೊನೆಯಲ್ಲಿ ನಿಷೇಧವನ್ನು ಹುಡುಕುವ ಕಣ್ಣು ನಡುವಿನ ಪದವನ್ನು ಹಾರಿಸಿಬಿಡಬಹುದು. ನೀಟ್ ಪರೀಕ್ಷೆಯಲ್ಲಿ 2025ರಂತೆ 180 ಪ್ರಶ್ನೆಗಳಿಗೆ 180 ನಿಮಿಷಗಳು. ಒಂದು ನಿಮಿಷದ ಅವಸರದಲ್ಲಿ ಹೀಗೆ ಬಿಟ್ಟುಹೋದ ಒಂದು ಪದದಿಂದ ಬರಬೇಕಾದ 4 ಅಂಕಗಳೂ ಹೋಗುತ್ತವೆ, ಮೇಲೆ 1 ಅಂಕವೂ ಕಳೆಯುತ್ತದೆ. ಪ್ರಶ್ನೆಯ ನಿಷೇಧಪದಕ್ಕೆ ಅಡಿಗೆರೆ ಎಳೆಯುವ ಅಭ್ಯಾಸವನ್ನು ಘಟಕ ಪರೀಕ್ಷೆಗಳಲ್ಲಿಯೇ ಬೆಳೆಸಬೇಕು.

ನಾಲ್ಕನೆಯದು ಬರಹ. ಆಯ್ಕೆಯ ಪ್ರಶ್ನೆಗಳಿರುವ ಪರೀಕ್ಷೆಗೆ ಬರಹವೇಕೆ ಎನ್ನುವವರಿದ್ದಾರೆ. ಓದಿದ್ದನ್ನು ಒಂದೇ ವಾಕ್ಯದಲ್ಲಿ ಬರೆಯಲಾರದವನು ಅದನ್ನು ಪೂರ್ತಿ ಗ್ರಹಿಸಿಲ್ಲವೆಂದೇ ತಿಳಿಯಬೇಕು. ಪ್ರತಿದಿನದ ಗದ್ಯಭಾಗಕ್ಕೆ ಒಂದು ವಾಕ್ಯದ ಸಾರ, ವಾರಕ್ಕೊಂದು ವರದಿ ಅಥವಾ ಪತ್ರ, ಇಷ್ಟು ಸಾಕು. ಮನೆಯ ‘ಹೋಗ್ಯಾನ’, ‘ಬಂದದ’ ಎಂಬ ರೂಪಗಳು ಬರಹದಲ್ಲಿ ಇಳಿದಾಗ ಕೆಂಪು ಮಸಿಯಿಂದ ಹೊಡೆದುಹಾಕುವ ಬದಲು ಪಕ್ಕದಲ್ಲಿ ‘ಹೋಗಿದ್ದಾನೆ’, ‘ಬಂದಿದೆ’ ಎಂದು ಬರೆಯುವುದು ಲೇಸು. ಅವೆರಡೂ ಕನ್ನಡವೇ, ಸ್ಥಳ ಮಾತ್ರ ಬೇರೆ ಎಂದು ಅರಿತ ಮಗು ಬರೆಯಲು ಅಂಜುವುದಿಲ್ಲ.

ಇದಕ್ಕೆಲ್ಲ ಹೆಚ್ಚಿನ ಹಣ ಬೇಡ. ದಿನಕ್ಕೆ ಇಪ್ಪತ್ತು ನಿಮಿಷ, ಒಂದು ಕರಿಹಲಗೆ, ಒಂದು ವಹಿ, ಮತ್ತು ಐದನೆಯ ಇಯತ್ತೆಯಿಂದ ಹತ್ತನೆಯದರವರೆಗೆ ತಪ್ಪದ ಕ್ರಮ ಬೇಕು. ಪರೀಕ್ಷೆಗೆ ಮೂರು ತಿಂಗಳು ಮೊದಲು ತರಬೇತಿ ವರ್ಗದವರು ಕಲಿಸುವುದು ಉತ್ತರಿಸುವ ತಂತ್ರವನ್ನು. ಓದುವ ಬುದ್ಧಿಯನ್ನು ಬೆಳೆಸಲು ಆರು ವರ್ಷ ಹಿಡಿಯುತ್ತದೆ, ಆ ಆರು ವರ್ಷಗಳು ಕನ್ನಡ ಶಾಲೆಯ ಕೈಯಲ್ಲಿವೆ. ಇಲ್ಲಿಂದ ಹೊರಟ ವಿದ್ಯಾರ್ಥಿಗಳು ಯಾವ ಭಾಷೆಯ ಪತ್ರಿಕೆಯನ್ನಾದರೂ ನಿಧಾನವಾಗಿ ಗ್ರಹಿಸಿ ಉತ್ತರಿಸಬಲ್ಲವರಾದರೆ, ಮುಂದಿನ ಜೂನ್ ತಿಂಗಳಲ್ಲಿ ಪಾಲಕರ ಸಂಶಯಕ್ಕೆ ಶಿಕ್ಷಕರು ಬೇರೆ ಉತ್ತರ ಹೇಳಬೇಕಾಗುವುದಿಲ್ಲ.