ಔಷಧಿಗೂ ದಿಗ್ಬಂಧನವೇ?

(ಫೆಲೆಸ್ತೀನ್ ಜನತೆಗೆ ಬೆಂಬಲ ವ್ಯಕ್ತಪಡಿಸಲು ಕರೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



2020ರ ಮಾರ್ಚ್ ತಿಂಗಳ ಕೊನೆಯ ದಿನಗಳನ್ನು ನಾವು ಯಾರೂ ಮರೆತಿರಲಾರೆವು. ಅಂಗಡಿಗಳಿಗೆ ಬೀಗ ಬಿತ್ತು. ಮಸೀದಿಯ ಬಾಗಿಲು ಮುಚ್ಚಿತು. ಜುಮಾದ ದಿನ ಮನೆಯ ಜಗಲಿಯಲ್ಲಿ ಝುಹರ್ ನಮಾಝ್ ನಿರ್ವಹಿಸಿದೆವು. ಮಗ ಗಲ್ಫ್‌ನಲ್ಲಿ, ತಾಯಿ ಊರಿನಲ್ಲಿ, ನಡುವೆ ವಿಮಾನವಿಲ್ಲ. ಆಸ್ಪತ್ರೆಗೆ ಹೋಗಬೇಕಾದರೂ ಪಾಸ್ ಬೇಕು, ದಾರಿಯಲ್ಲಿ ಪೊಲೀಸರಿಗೆ ಉತ್ತರ ಹೇಳಬೇಕು. ಕೆಲವು ವಾರ ಕಳೆಯುವಷ್ಟರಲ್ಲಿ ನಮ್ಮ ಮನೆಗಳಲ್ಲಿ ಕೇಳಿಬಂದ ಮಾತು ಒಂದೇ: ಇದೇನು ಮನೆಯೋ, ಸೆರೆಮನೆಯೋ?

ಗಾಝಾದಲ್ಲಿ ಕೊರೋನಾದ ಮೊದಲ ಇಬ್ಬರು ರೋಗಿಗಳು ಪತ್ತೆಯಾದದ್ದು ಅದೇ ಮಾರ್ಚ್ ತಿಂಗಳಲ್ಲಿ. ಆ ಹೊತ್ತಿಗೆ ಅಲ್ಲಿನ ಜನರು ತಮ್ಮ ದಿಗ್ಬಂಧನದ 13ನೆಯ ವರ್ಷವನ್ನು ಪೂರ್ತಿಗೊಳಿಸುತ್ತಿದ್ದರು. 2007ರ ಜೂನ್‌ನಿಂದ ಅವರ ನೆಲ, ಕಡಲು, ಆಕಾಶ ಮೂರೂ ಮುಚ್ಚಿದ್ದವು. 365 ಚದರ ಕಿಲೋಮೀಟರ್ ನೆಲ, 20 ಲಕ್ಷ ಜನ. ಬೆಂಗಳೂರು ಪಾಲಿಕೆಗೆ ಆಗ ಇದ್ದ ವ್ಯಾಪ್ತಿಯ ಅರ್ಧದಷ್ಟು ಎಂದು ಊಹಿಸಿಕೊಳ್ಳಿ. ಆ ಅರ್ಧಕ್ಕೆ ಬೇಲಿ ಹಾಕಿ, ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಬಾಗಿಲಿಟ್ಟು, ಅದರ ಕೀಲಿಕೈಯನ್ನು ಬೇರೆಯವರು ಇಟ್ಟುಕೊಂಡರೆ ಹೇಗಿರಬಹುದು? ದಕ್ಷಿಣದ ರಫಾ ಬಾಗಿಲಿನ ಕೀಲಿಕೈ ಈಜಿಪ್ಟ್‌ನದಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಅದನ್ನು ಹೇಳದೆ ಇಸ್ರೇಲನ್ನು ಮಾತ್ರ ದೂರುವುದು ಅರ್ಧ ಸತ್ಯವಾಗುತ್ತದೆ.

ವಿಶ್ವಸಂಸ್ಥೆಯು 2012ರಲ್ಲಿ ಗಾಝಾದ ಕುರಿತು ಒಂದು ವರದಿ ಪ್ರಕಟಿಸಿತ್ತು. 2020ರಲ್ಲಿ ಅದು ಮನುಷ್ಯರು ಬಾಳಲು ಯೋಗ್ಯವಾದ ಸ್ಥಳವಾಗಿ ಉಳಿದಿರುತ್ತದೆಯೇ ಎಂಬುದೇ ಆ ವರದಿಯ ಪ್ರಶ್ನೆ. ನೀರು, ವಿದ್ಯುತ್, ಶಾಲೆ, ಆಸ್ಪತ್ರೆಗಳ ಲೆಕ್ಕ ಹಾಕಿ ಎಂಟು ವರ್ಷ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಜಗತ್ತು ಅದನ್ನು ಓದಿ ಕಪಾಟಿನಲ್ಲಿಟ್ಟಿತು. 2020 ಬಂದೇ ಬಂತು, ಬರುವಾಗ ಸಾಂಕ್ರಾಮಿಕವನ್ನೂ ಜೊತೆಗೆ ತಂದಿತು.

ಆ ವರ್ಷದ ಆಗಸ್ಟ್ ತಿಂಗಳನ್ನು ಮಾತ್ರ ನಾವು ಸ್ವಲ್ಪ ಗಮನವಿಟ್ಟು ನೋಡೋಣ. ಗಡಿಯಿಂದ ಇಂಧನ ಒಳಬರುವುದನ್ನು ಇಸ್ರೇಲ್ ತಡೆಯಿತು. ಆಗಸ್ಟ್ 18ರಂದು ಗಾಝಾದ ಏಕೈಕ ವಿದ್ಯುತ್ ಸ್ಥಾವರ ಸ್ಥಗಿತಗೊಂಡಿತು. ದಿನಕ್ಕೆ ಮೂರು ನಾಲ್ಕು ಗಂಟೆ ವಿದ್ಯುತ್ ಸಿಕ್ಕರೆ ಅದೇ ದೊಡ್ಡದು. ಅದಾಗಿ ಆರನೆಯ ದಿನ, ಆಗಸ್ಟ್ 24ರಂದು, ಹೊರಗಿನಿಂದ ಬಂದವರಲ್ಲದ, ನಿರಾಶ್ರಿತರ ಶಿಬಿರದೊಳಗೇ ಇದ್ದವರಲ್ಲಿ ಮೊದಲ ಬಾರಿಗೆ ಸೋಂಕು ಪತ್ತೆಯಾಯಿತು. ಅಂದರೆ ರೋಗ ಜನರ ನಡುವೆ ಹರಡತೊಡಗಿದ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗಳು ಜನರೇಟರ್‌ನ ಮೇಲೆ ನಿಂತಿದ್ದವು. ಇಪ್ಪತ್ತು ಲಕ್ಷ ಜನರಿಗೆ ಇದ್ದ ವೆಂಟಿಲೇಟರ್‌ಗಳ ಸಂಖ್ಯೆ ನೂರರ ಆಸುಪಾಸಿನಲ್ಲಷ್ಟೇ ಇತ್ತು. ಕೈಯನ್ನು ಸಾಬೂನಿನಿಂದ ತೊಳೆಯಿರಿ ಎಂದು ಇಡೀ ಜಗತ್ತು ಹೇಳುತ್ತಿತ್ತು. ಗಾಝಾದ ಅಂತರ್ಜಲದ ಶೇಕಡಾ 96ಕ್ಕೂ ಹೆಚ್ಚು ಭಾಗ ಕುಡಿಯಲು ಯೋಗ್ಯವಲ್ಲ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳು ಅಷ್ಟರಲ್ಲೇ ಹೇಳಿ ಮುಗಿಸಿದ್ದವು. ಅಂತರ ಕಾಪಾಡಿರಿ ಎಂದೂ ಹೇಳಲಾಗುತ್ತಿತ್ತು. ಜಬಾಲಿಯಾ ಶಿಬಿರದ ವಿಸ್ತಾರ 1.4 ಚದರ ಕಿಲೋಮೀಟರ್, ಅಲ್ಲಿ ನೋಂದಾಯಿತ ನಿರಾಶ್ರಿತರು ಒಂದು ಲಕ್ಷಕ್ಕೂ ಅಧಿಕ. ಅಂತರವನ್ನು ಅವರು ಎಲ್ಲಿಂದ ತರಬೇಕಿತ್ತು?

ಡಿಸೆಂಬರ್‌ನ ಮೊದಲ ವಾರದಲ್ಲಿ ಪರೀಕ್ಷೆಯ ಕಿಟ್‌ಗಳು ಮುಗಿದು, ಪ್ರಯೋಗಾಲಯವು ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕಿಟ್‌ಗಳನ್ನು ಒದಗಿಸಿದ ಮೇಲೆಯೇ ಅದು ಮತ್ತೆ ತೆರೆಯಿತು. ಇನ್ನೊಂದು ಸಂಗತಿ ನಮಗೆ ಬಹಳ ಕಾಡಿದ್ದು. ಆ ವರ್ಷದ ಆರಂಭದ ತಿಂಗಳುಗಳಲ್ಲಿ ಗಾಝಾದ ಹೊಲಿಗೆ ಕಾರ್ಖಾನೆಗಳು ಮಾಸ್ಕ್ ಮತ್ತು ರಕ್ಷಣಾ ಉಡುಪುಗಳನ್ನು ಹೊಲಿದು ಇಸ್ರೇಲಿಗೆ ಕಳುಹಿಸುತ್ತಿದ್ದವು. ಗಡಿಯಾಚೆಯ ಜನರ ಮುಖಕ್ಕೆ ಮಾಸ್ಕ್ ಹೊಲಿದುಕೊಟ್ಟವರಿಗೆ, ಗಡಿಯೀಚೆಗೆ ಪರೀಕ್ಷೆಯ ಕಿಟ್ ಇರಲಿಲ್ಲ.

ಲಸಿಕೆಯ ಕತೆ ಇನ್ನೂ ಕಹಿಯಾದುದು. 2021ರ ಫೆಬ್ರವರಿ ಮಧ್ಯದ ಹೊತ್ತಿಗೆ ಇಸ್ರೇಲ್ ತನ್ನ ಸುಮಾರು 40 ಲಕ್ಷ ಜನರಿಗೆ ಮೊದಲ ಡೋಸ್ ಕೊಟ್ಟಿತ್ತು. ಪಶ್ಚಿಮ ದಂಡೆಯ ಅಕ್ರಮ ವಸತಿಗಳಲ್ಲಿ ನೆಲೆಸಿದವರಿಗೂ ಲಸಿಕೆ ತಲುಪಿತ್ತು. ಪಕ್ಕದ ಫೆಲೆಸ್ತೀನಿ ಹಳ್ಳಿಗೆ ತಲುಪಿರಲಿಲ್ಲ. ಆಗ ರಾಮಲ್ಲಾದಿಂದ ಗಾಝಾದ ಆರೋಗ್ಯ ಕಾರ್ಯಕರ್ತರಿಗೆಂದು ಹೊರಟ ಲಸಿಕೆಯ ಪ್ರಮಾಣವಾದರೂ ಎಷ್ಟು? 2,000 ಡೋಸ್, ಅಂದರೆ 1,000 ಮಂದಿಗೆ. ಅದನ್ನೂ ಗಡಿಯಲ್ಲಿ ತಡೆಯಲಾಯಿತು. ಹಮಾಸ್‌ನ ವಶದಲ್ಲಿರುವವರ ಬಿಡುಗಡೆಗೆ ಅದನ್ನು ಷರತ್ತಾಗಿ ಬಳಸಬೇಕೇ ಎಂಬುದು ಇಸ್ರೇಲಿ ಸಂಸತ್ತಿನ ಸಮಿತಿಯಲ್ಲಿ ಚರ್ಚೆಯಾಯಿತು. ಎರಡು ದಿನಗಳ ನಂತರ ಬಿಟ್ಟರು ಎಂಬುದು ನಿಜ. ಆದರೆ ವೈದ್ಯರಿಗೆ, ದಾದಿಯರಿಗೆ ಸೇರಬೇಕಾದ ಲಸಿಕೆಯನ್ನು ಚೌಕಾಸಿಯ ಸರಕಾಗಿ ನೋಡಬಹುದೆಂದು ಒಂದು ಸಂಸತ್ತಿಗೆ ತೋಚಿತಲ್ಲ, ನಮ್ಮ ಆಕ್ಷೇಪ ಇರುವುದು ಅಲ್ಲಿ.

ಆ ವರ್ಷದ ಮೇ ತಿಂಗಳಲ್ಲಿ ಬಾಂಬ್ ದಾಳಿ. ಗಾಝಾದ ಅತಿದೊಡ್ಡ ಆಸ್ಪತ್ರೆ ಶಿಫಾದಲ್ಲಿ ಕೊರೋನಾ ಚಿಕಿತ್ಸೆಯ ಹೊಣೆ ಹೊತ್ತಿದ್ದ ವೈದ್ಯ ಡಾ. ಐಮನ್ ಅಬುಲ್ ಔಫ್ ಮೇ 16ರಂದು ತಮ್ಮ ಮನೆಯ ಅವಶೇಷಗಳಡಿ, ಕುಟುಂಬದ ಹಲವರೊಂದಿಗೆ ಮೃತಪಟ್ಟರು. ಮರುದಿನ ಕೊರೋನಾ ಪರೀಕ್ಷೆ ನಡೆಯುತ್ತಿದ್ದ ರಿಮಾಲ್ ಚಿಕಿತ್ಸಾಲಯ ಹಾನಿಗೊಂಡು ಪರೀಕ್ಷೆ ನಿಂತಿತು.

ಸಹೋದರರೇ, ಇವೆಲ್ಲ ಕಳೆದ ಮಾತಲ್ಲವೇ, ಈಗ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಕೊರೋನಾ ಹೋಯಿತು, ನಿಜ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದರ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ದಿಗ್ಬಂಧನ ಹೋಯಿತೇ? 2023ರ ಅಕ್ಟೋಬರ್‌ನ ನಂತರ ನಡೆದುದನ್ನು ನೀವು ಬಲ್ಲಿರಿ. 2024ರ ಆಗಸ್ಟ್‌ನಲ್ಲಿ, 25 ವರ್ಷಗಳ ನಂತರ ಗಾಝಾದಲ್ಲಿ ಮತ್ತೆ ಪೋಲಿಯೋ ಕಾಣಿಸಿಕೊಂಡಿತು. ಹತ್ತು ತಿಂಗಳ ಮಗುವಿನ ಕಾಲು ಸ್ವಾಧೀನ ಕಳೆದುಕೊಂಡಿತು. ಮಕ್ಕಳಿಗೆ ಎರಡು ಹನಿ ಹಾಕಲು ಬಾಂಬ್ ದಾಳಿಗೆ ಕೆಲವು ಗಂಟೆಗಳ ವಿರಾಮ ಬೇಡಬೇಕಾಯಿತು. 2025ರ ಮಾರ್ಚ್ 2ರಿಂದ ಸುಮಾರು ಹನ್ನೊಂದು ವಾರ ಆಹಾರವಾಗಲೀ ಔಷಧಿಯಾಗಲೀ ಒಳಹೋಗಲಿಲ್ಲ. ಆ ಆಗಸ್ಟ್‌ನಲ್ಲಿ ಗಾಝಾ ನಗರ ಪ್ರದೇಶದಲ್ಲಿ ಕ್ಷಾಮ ಇದೆಯೆಂದು ವಿಶ್ವಸಂಸ್ಥೆಯ ಬೆಂಬಲದ ತಜ್ಞ ವ್ಯವಸ್ಥೆಯೇ ದೃಢಪಡಿಸಿತು. 2025ರ ಅಕ್ಟೋಬರ್ 10ರಂದು ಕದನ ವಿರಾಮ ಜಾರಿಯಾದಾಗ, ಚಿಕಿತ್ಸೆಗಾಗಿ ಹೊರಹೋಗಲು ಕಾಯುತ್ತಿದ್ದ ರೋಗಿಗಳೇ 15 ಸಾವಿರದಷ್ಟಿದ್ದರು. ರೋಗದ ಹೆಸರು ಬದಲಾಗಿದೆ, ಬಾಗಿಲು ಬದಲಾಗಿಲ್ಲ.

ಇದು ಕರುಣೆಯ ಪ್ರಶ್ನೆ ಮಾತ್ರವಲ್ಲ, ಕಾನೂನಿನ ಪ್ರಶ್ನೆ. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 55 ಮತ್ತು 56ನೆಯ ವಿಧಿಗಳು ಸ್ಪಷ್ಟವಾಗಿವೆ. ಒಂದು ನೆಲವನ್ನು ಆಕ್ರಮಿಸಿಕೊಂಡವರೇ ಅಲ್ಲಿನ ಜನರ ಆಹಾರ ಮತ್ತು ಔಷಧಿಗೆ ಹೊಣೆಗಾರರು. ಸಾಂಕ್ರಾಮಿಕ ಹರಡದಂತೆ ನೋಡಿಕೊಳ್ಳುವುದೂ ಅವರದೇ ಹೊಣೆ. ಓಸ್ಲೋ ಒಪ್ಪಂದದಂತೆ ಆರೋಗ್ಯ ವಿಷಯವು ಫೆಲೆಸ್ತೀನಿ ಪ್ರಾಧಿಕಾರಕ್ಕೆ ಸೇರಿದೆ ಎಂಬುದು ಇಸ್ರೇಲಿನ ಉತ್ತರ. ಆಗಲಿ. ಆದರೆ ಬಾಗಿಲನ್ನೂ ಆ ಪ್ರಾಧಿಕಾರದ ಕೈಗೆ ಕೊಟ್ಟಿದ್ದಾರೆಯೇ? ಸಿರಿಂಜ್ ಯಾವಾಗ ಒಳಬರಬೇಕು, ಕ್ಷ-ಕಿರಣ ಯಂತ್ರದ ಬಿಡಿಭಾಗ ಬರಬಹುದೇ, ಯಾವ ಕ್ಯಾನ್ಸರ್ ರೋಗಿ ಹೊರಹೋಗಬಹುದು ಎಂದು ತೀರ್ಮಾನಿಸುವವರು ಯಾರು? 2017ರ ಒಂದೇ ವರ್ಷದಲ್ಲಿ ಪರವಾನಿಗೆಗಾಗಿ ಕಾಯುತ್ತಲೇ 54 ರೋಗಿಗಳು ಮೃತಪಟ್ಟರು. ಅಧಿಕಾರ ನಮ್ಮದು, ಹೊಣೆ ನಿಮ್ಮದು ಎಂಬ ನ್ಯಾಯ ಯಾವ ಪಂಚಾಯಿತಿಯಲ್ಲೂ ನಡೆಯದು.

ಇನ್ನು ನಮ್ಮ ಸರಕಾರದ ಮಾತು. ಭಾರತಕ್ಕೆ ಈ ವಿಷಯದಲ್ಲಿ ಒಂದು ಇತಿಹಾಸವಿದೆ. ಗಾಂಧೀಜಿ 1938ರಲ್ಲಿಯೇ 'ಹರಿಜನ' ಪತ್ರಿಕೆಯಲ್ಲಿ ಯಹೂದಿಯರ ಸಂಕಟಕ್ಕೆ ಮರುಗುತ್ತಲೇ ಅರಬರ ಹಕ್ಕಿನ ಪರ ಬರೆದರು. 1947ರಲ್ಲಿ ವಿಭಜನೆಯ ಯೋಜನೆಗೆ ಭಾರತ ವಿರುದ್ಧ ಮತ ಹಾಕಿತು. 1974ರಲ್ಲಿ ಪಿಎಲ್‌ಓವನ್ನು ಮಾನ್ಯ ಮಾಡಿದ ಮೊದಲ ಅರಬೇತರ ದೇಶ ನಮ್ಮದು. 1988ರಲ್ಲಿ ಫೆಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿದೆವು. ಇದನ್ನು ಒಂದು ಪಕ್ಷದ ನೀತಿಯೆಂದು ತಳ್ಳಿಹಾಕುವಂತಿಲ್ಲ. ಅಮೇರಿಕಾವು ನಿರಾಶ್ರಿತರ ಸಂಸ್ಥೆ ಯುಎನ್‌ಆರ್‌ಡಬ್ಲ್ಯುಎಗೆ ನೆರವು ನಿಲ್ಲಿಸಿದ 2018ರಲ್ಲಿಯೇ ಈಗಿನ ಸರಕಾರ ತನ್ನ ವಾರ್ಷಿಕ ನೆರವನ್ನು 50 ಲಕ್ಷ ಡಾಲರ್‌ಗೆ ಏರಿಸಿತು. ಕೊರೋನಾದ ನಡುವೆ, 2020ರ ಜೂನ್‌ನಲ್ಲಿ, ಎರಡು ವರ್ಷಗಳಿಗೆ ಒಂದು ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿತು. 2023ರ ಅಕ್ಟೋಬರ್‌ನಲ್ಲಿ ಆರೂವರೆ ಟನ್ ವೈದ್ಯಕೀಯ ಸಾಮಗ್ರಿಯನ್ನು ಈಜಿಪ್ಟ್‌ನ ಮೂಲಕ ಕಳುಹಿಸಿತು. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು.

ಆದರೆ ಅದೇ ಅಕ್ಟೋಬರ್ 27ರಂದು ಮಹಾಸಭೆಯಲ್ಲಿ ಮಾನವೀಯ ಕದನ ವಿರಾಮದ ನಿರ್ಣಯ ಬಂದಾಗ ಭಾರತ ಮತ ಹಾಕದೆ ಉಳಿಯಿತು. ಡಿಸೆಂಬರ್‌ನಲ್ಲಿ ಕದನ ವಿರಾಮದ ಪರ ಮತ ಹಾಕಿತು. 2025ರ ಜೂನ್‌ನಲ್ಲಿ, 149 ರಾಷ್ಟ್ರಗಳು ಪರವಾಗಿ ನಿಂತಾಗ, ಮತ್ತೆ ತಟಸ್ಥವಾಯಿತು. ಸೆಪ್ಟೆಂಬರ್‌ನಲ್ಲಿ ಎರಡು ರಾಷ್ಟ್ರಗಳ ಪರಿಹಾರದ ಘೋಷಣೆಗೆ ಬೆಂಬಲ ಕೊಟ್ಟಿತು. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಔಷಧಿ ಕೊಡುವ ಕೈ, ಬಾಗಿಲು ತೆರೆಯಿರಿ ಎನ್ನಲು ಮಾತ್ರ ಏಕೆ ಹಿಂಜರಿಯಬೇಕು? ಬಾಗಿಲು ಮುಚ್ಚಿದ್ದರೆ ಔಷಧಿ ಈಜಿಪ್ಟ್‌ನ ಗೋದಾಮಿನಲ್ಲಿ ಕೊಳೆಯುತ್ತದೆ.

2020ರ ಏಪ್ರಿಲ್‌ನಲ್ಲಿ ಭಾರತವು ಇಸ್ರೇಲಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕಳುಹಿಸಿತು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಟೆಲ್ ಅವೀವ್‌ನ ರೋಗಿಯೂ ರೋಗಿಯೇ. ಆ ವರ್ಷದ ಅಕ್ಟೋಬರ್‌ನಲ್ಲಿ ನಮ್ಮ ದೇಶ ದಕ್ಷಿಣ ಆಫ್ರಿಕಾದೊಂದಿಗೆ ಸೇರಿ, ಕೊರೋನಾ ಔಷಧಿ ಮತ್ತು ಲಸಿಕೆಗಳ ಪೇಟೆಂಟ್ ಹಕ್ಕನ್ನು ಸಡಿಲಿಸಬೇಕೆಂದು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಪ್ರಸ್ತಾಪ ಇಟ್ಟಿತು. ಬಡ ದೇಶದವನ ಜೀವಕ್ಕೆ ಕಂಪೆನಿಯ ಲಾಭ ಅಡ್ಡಿಯಾಗಬಾರದು ಎಂದು ಹೇಳಿದ ದೇಶವು, ಅವನ ಜೀವಕ್ಕೆ ಸೇನೆಯ ಬೇಲಿಯೂ ಅಡ್ಡಿಯಾಗಬಾರದು ಎಂದು ಹೇಳಲು ಏನು ಕಷ್ಟ?

ಇಲ್ಲಿಯೇ ಸಮಸ್ಯೆಗಳು ಬೇಕಾದಷ್ಟಿವೆ, ಗಾಝಾದ ಉಸಾಬರಿ ಯಾಕೆ ಎಂಬ ಪ್ರಶ್ನೆಯನ್ನು ನಾವು ಆಗಾಗ ಕೇಳುತ್ತೇವೆ. 2025ರ ಜುಲೈಯಲ್ಲಿ ಮುಂಬೈ ಉಚ್ಚ ನ್ಯಾಯಾಲಯವೇ, ಗಾಝಾದ ಪರ ಪ್ರತಿಭಟನೆಗೆ ಅನುಮತಿ ಕೋರಿದ ಸಿಪಿಐ(ಎಂ)ನವರಿಗೆ ದೇಶದ ಸಮಸ್ಯೆಗಳತ್ತ ಗಮನಿಸಿರೆಂದು ಬುದ್ಧಿ ಹೇಳಿತು. ನ್ಯಾಯಾಲಯದ ಮೇಲಿನ ಗೌರವದೊಂದಿಗೇ ನಾವು ಒಂದು ದಿನವನ್ನು ನೆನಪಿಸುತ್ತೇವೆ. 2021ರ ಮೇ ತಿಂಗಳ ಮೊದಲ ವಾರ, ನಮ್ಮ ಆಸ್ಪತ್ರೆಗಳಲ್ಲಿ ಆಮ್ಲಜನಕವಿಲ್ಲದೆ ಜನರು ಒದ್ದಾಡುತ್ತಿದ್ದಾಗ, ಐಎನ್‌ಎಸ್ ತಲ್ವಾರ್ ನೌಕೆ ನವಮಂಗಳೂರು ಬಂದರಿಗೆ ಬಂತು. ಅದರಲ್ಲಿದ್ದುದು ಬಹ್ರೈನ್‌ನಿಂದ ತಂದ ದ್ರವ ಆಮ್ಲಜನಕ. ಭಾರತದ ಉಸಾಬರಿ ನಮಗೇಕೆ ಎಂದು ಬಹ್ರೈನ್‌ನವರು ಅಂದು ಕೇಳಲಿಲ್ಲ. ಇಸ್ರೇಲ್ ಕೂಡ ಉಪಕರಣ ಕಳುಹಿಸಿತ್ತು. ನಾವು ಯಾರದ್ದನ್ನೂ ಹಿಂದಿರುಗಿಸಲಿಲ್ಲ.

ನಮ್ಮವರ ಕುರಿತೂ ಎರಡು ಮಾತು ಹೇಳದೆ ಹೋದರೆ ಈ ಭಾಷಣ ಅಪ್ರಾಮಾಣಿಕವಾಗುತ್ತದೆ. ಗಾಝಾದಲ್ಲಿ ಸೋಂಕು ಹರಡತೊಡಗಿ ಮೂರು ವಾರವಾಗಿತ್ತಷ್ಟೆ, 2020ರ ಸೆಪ್ಟೆಂಬರ್ 15ರಂದು ಎರಡು ಅರಬ್ ರಾಷ್ಟ್ರಗಳು ವಾಷಿಂಗ್ಟನ್‌ನಲ್ಲಿ ಇಸ್ರೇಲಿನೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದವು. ಅವುಗಳಲ್ಲೊಂದು ಇದೇ ಬಹ್ರೈನ್. ದಿಗ್ಬಂಧನ ಸಡಿಲಿಸಬೇಕೆಂಬ ಷರತ್ತು ಅದರಲ್ಲಿರಲಿಲ್ಲ. ಇನ್ನು ನಾವೋ? ಯುದ್ಧದ ಸಮಯದಲ್ಲಿ ಮೊಬೈಲಿನಲ್ಲಿ ಚಿತ್ರಗಳನ್ನು ಹಂಚುತ್ತೇವೆ. ಅದರಲ್ಲಿ ಸಿರಿಯಾದ ಹಳೆಯ ಚಿತ್ರವೆಷ್ಟು, ಗಾಝಾದ್ದೆಷ್ಟು ಎಂದು ನೋಡುವುದಿಲ್ಲ. ಒಂದು ಸುಳ್ಳು ಚಿತ್ರ ಹತ್ತು ನಿಜ ಚಿತ್ರಗಳ ಬೆಲೆಯನ್ನು ಕಳೆಯುತ್ತದೆ. ಯಹೂದಿಯರೆಲ್ಲರನ್ನೂ ಶಪಿಸುವ ಮಾತು ಕೆಲವು ವೇದಿಕೆಗಳಿಂದ ಬರುತ್ತದೆ. ಗಾಝಾದ ರೋಗಿಗಳ ಪರವಾನಿಗೆಗಾಗಿ, ಲಸಿಕೆಗಾಗಿ ಇಸ್ರೇಲಿನೊಳಗೇ ಹೋರಾಡಿದ ಮಾನವ ಹಕ್ಕುಗಳ ವೈದ್ಯರ ಸಂಘಟನೆಯಲ್ಲಿ ಯಹೂದಿ ವೈದ್ಯರಿದ್ದಾರೆ ಎಂಬುದು ಅವರಿಗೆ ತಿಳಿದಿದೆಯೇ? 2020ರಲ್ಲಿ ತಬ್ಲೀಗ್‌ನ ಹೆಸರಿನಲ್ಲಿ ರೋಗದ ಹೊಣೆಯನ್ನು ಇಡೀ ಸಮುದಾಯದ ತಲೆಗೆ ಕಟ್ಟಿದಾಗ ಎಷ್ಟು ನೋವಾಗಿತ್ತೆಂದು ಬಲ್ಲ ನಾವು, ಅದೇ ಅಳತೆಗೋಲನ್ನು ಇನ್ನೊಬ್ಬರ ಮೇಲೆ ಬಳಸಬಾರದು.

ಆದ್ದರಿಂದ ಘೋಷಣೆಯ ಬದಲು ಕೋರಿಕೆ. ಕೇಂದ್ರ ಸರಕಾರದೊಂದಿಗೆ ನಮ್ಮ ಮೊದಲ ಕೋರಿಕೆ: ಯುದ್ಧವಿರಲಿ, ಇಲ್ಲದಿರಲಿ, ಔಷಧಿ, ಇಂಧನ ಮತ್ತು ರೋಗಿಗಳ ಸಂಚಾರವನ್ನು ಯಾರೂ ತಡೆಯಬಾರದು ಎಂದು ಭಾರತವು ವಿಶ್ವಸಂಸ್ಥೆಯಲ್ಲಿ ಸ್ಪಷ್ಟ ಶಬ್ದಗಳಲ್ಲಿ ಹೇಳಲಿ, ಹಾಗೆಯೇ ಮತ ಹಾಕಲಿ. ಇಸ್ರೇಲಿನೊಂದಿಗೆ ನಮಗಿರುವ ಸ್ನೇಹ ಈ ಮಾತು ಹೇಳಲು ಅಡ್ಡಿಯಲ್ಲ, ಅನುಕೂಲ. ಸ್ನೇಹಿತನ ಮಾತನ್ನಾದರೂ ಕೇಳಬಹುದಲ್ಲವೇ? ಎರಡನೆಯದಾಗಿ, ಗಾಝಾದ ಒಂದಷ್ಟು ಮಕ್ಕಳನ್ನು, ಕ್ಯಾನ್ಸರ್ ರೋಗಿಗಳನ್ನು ನಮ್ಮ ಆಸ್ಪತ್ರೆಗಳಿಗೆ ಕರೆತಂದು ಚಿಕಿತ್ಸೆ ಕೊಡಲಿ. ಅಲ್ಲಿನ ಏಕೈಕ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಮಾರ್ಚ್‌ನಲ್ಲಿ ಸ್ಫೋಟಿಸಿ ಉರುಳಿಸಲಾಗಿದೆ. ಈಜಿಪ್ಟ್, ಯುಎಇ, ಇಟಲಿ ಇಂತಹ ರೋಗಿಗಳನ್ನು ಕರೆಸಿಕೊಂಡಿವೆ. ಜಗತ್ತಿನ ಔಷಧಾಲಯವೆಂದು ಕರೆಸಿಕೊಳ್ಳುವ ನಾವೇಕೆ ಕರೆಸಿಕೊಳ್ಳಬಾರದು? ಯುಎನ್‌ಆರ್‌ಡಬ್ಲ್ಯುಎಗೆ ಕೊಡುವ ನೆರವನ್ನು ಹೆಚ್ಚಿಸಲಿ. ಶಸ್ತ್ರಾಸ್ತ್ರದ ಬಿಡಿಭಾಗಗಳು ನಮ್ಮ ನೆಲದಿಂದ ಹೋಗುತ್ತಿವೆ ಎಂಬ ವರದಿಗಳ ಕುರಿತು ಸಂಸತ್ತಿನ ಮುಂದೆ ನಿಜ ಹೇಳಲಿ. ಈ ಕುರಿತ ಅರ್ಜಿಯನ್ನು 2024ರಲ್ಲಿ ಸುಪ್ರೀಂ ಕೋರ್ಟ್, ವಿದೇಶಾಂಗ ನೀತಿ ಸರಕಾರದ ಕ್ಷೇತ್ರವೆಂದು ವಜಾಗೊಳಿಸಿದೆ. ಸರಕಾರದ ಕ್ಷೇತ್ರವೆಂದಾದರೆ ಕೇಳಬೇಕಾದದ್ದೂ ಸರಕಾರದೊಂದಿಗೇ.

ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ಈ ಮನವಿ ಆ ನಲವತ್ತು ಮಂದಿಗೂ ಹೋಗಲಿದೆ, ಪಕ್ಷ ನೋಡದೆ. ನಮ್ಮ ಜಿಲ್ಲೆಯ ಸಂಸದರು ಉತ್ತರ ಕೊಡಲಾರರು ಎಂದು ಈಗಲೇ ತೀರ್ಮಾನಿಸಬೇಡಿ. ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಡಲಾಗಿದೆ, ಮಹಿಳೆಯರ ವಿಭಾಗದಲ್ಲೂ ಇದೆ. ಓದಿ ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿರಿ. ಹೆಸರು ಮತ್ತು ಊರನ್ನು ಓದಲು ಬರುವಂತೆ ಬರೆಯಿರಿ. ಇನ್ನೆರಡು ಪ್ರತಿಗಳನ್ನು ಮನೆಗೆ ಒಯ್ದು, ನೆರೆಮನೆಯ ಹಿಂದೂ, ಕ್ರೈಸ್ತ ಸಹೋದರರ ಮುಂದೆಯೂ ಇಡಿರಿ. ಮುಂದಿನ ಶುಕ್ರವಾರದೊಳಗೆ ಅವುಗಳನ್ನು ಇಲ್ಲಿಗೇ ತಲುಪಿಸಿದರೆ ಸಾಕು.