ಹೆಗಲ ಮೇಲಿನ ಹೆಸರುಗಳು: ಬೈಬಲ್ಲಿನಲ್ಲಿ ಯಾಜಕತ್ವ



ಇದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಂಬವಿದೆ. ಅದರ ಮೇಲಿರುವುದು ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಕವಿ ಬರೆದ ಸಂಸ್ಕೃತ ಶಾಸನ. ವೇದ ಓದಲು ಕಂಚಿಗೆ ಹೋದ ಮಯೂರಶರ್ಮನಿಗೆ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಮನಸ್ಸು ಕುದಿಯಿತಂತೆ. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ರೂಢಿಯಾಗಿದ್ದ ಕೈ ಖಡ್ಗವನ್ನು ಹಿರಿಯಿತಂತೆ. ಅಲ್ಲಿಂದ ಕನ್ನಡನಾಡಿನ ಮೊದಲ ರಾಜಮನೆತನ ಹುಟ್ಟಿತು. ಯಾಜಕತ್ವದ ಬಗ್ಗೆ ಮಾತನಾಡಲು ನಾವು ಸೇರಿರುವ ನೆಲ ಇಂಥದ್ದು.

ಇಸ್ರೇಲಿನ ಧರ್ಮಶಾಸ್ತ್ರದಲ್ಲಿ ಯಾಜಕತ್ವ, ಅರಸುತನಗಳ ನಡುವಿನ ಈ ದಾಟುವಿಕೆಗೆ ಅವಕಾಶವಿರಲಿಲ್ಲ. ಯೂದದ ಅರಸ ಉಜ್ಜೀಯ ಬಲಾಢ್ಯನಾದ ಮೇಲೆ ತಾನೇ ದೇವಾಲಯಕ್ಕೆ ನುಗ್ಗಿ ಧೂಪ ಹಾಕಹೊರಟ. ಯಾಜಕರು ಅಡ್ಡ ನಿಂತರು. ಧೂಪದ ಪಾತ್ರೆ ಕೈಯಲ್ಲಿರುವಾಗಲೇ ಅವನ ಹಣೆಯ ಮೇಲೆ ಕುಷ್ಠ ಕಾಣಿಸಿತು ಎನ್ನುತ್ತದೆ ಎರಡನೆಯ ಪೂರ್ವಕಾಲವೃತ್ತಾಂತ. ಅತ್ತ ಯಾಜಕರಿಗೂ ಕಡಿವಾಣವಿತ್ತು. ಲೇವಿ ಕುಲಕ್ಕೆ ಉಳಿದ ಕುಲಗಳಂತೆ ನಾಡಿನಲ್ಲಿ ಪಾಲು ಸಿಗಲಿಲ್ಲ. ವಾಸಕ್ಕೆ ಊರುಗಳು, ಜೀವನಕ್ಕೆ ಜನರ ಕಾಣಿಕೆ, ಅಷ್ಟೆ. ಸಿಂಹಾಸನವೂ ಯಜ್ಞವೇದಿಯೂ ಒಂದೇ ಕೈಗೆ ಹೋಗಬಾರದೆಂಬ ಈ ಎಚ್ಚರವನ್ನು ನಾನು ಬಹಳ ದೊಡ್ಡ ವಿವೇಕವೆಂದು ಭಾವಿಸುತ್ತೇನೆ.

ಹಾಗಾದರೆ ಯಾಜಕನ ಕೆಲಸವೇನು? ವಿಮೋಚನಕಾಂಡದ 28ನೆಯ ಅಧ್ಯಾಯ ಅದನ್ನು ಉಡುಪಿನ ಮೂಲಕ ಹೇಳುತ್ತದೆ. ಮೊದಲ ಮಹಾಯಾಜಕ ಆರೋನನ ಎರಡು ಹೆಗಲ ಮೇಲೆ ಎರಡು ರತ್ನಗಳು, ಒಂದೊಂದರಲ್ಲೂ ಆರಾರು ಕುಲಗಳ ಹೆಸರು. ಎದೆಯ ಪದಕದಲ್ಲಿ ನಾಲ್ಕು ಸಾಲುಗಳಲ್ಲಿ ಹನ್ನೆರಡು ಕಲ್ಲುಗಳು, ಒಂದೊಂದಕ್ಕೂ ಒಂದೊಂದು ಕುಲದ ಹೆಸರು. ಹೆಸರುಗಳನ್ನು ಮುದ್ರೆಯುಂಗುರದಂತೆ ಕೆತ್ತಬೇಕೆಂಬುದು ಆಜ್ಞೆ. ಗಂಧದ ತುಂಡಿನ ಮೇಲೆ ಉಳಿ ಆಡಿಸುವ ಸೊರಬದ ಗುಡಿಗಾರರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬರೆದದ್ದನ್ನು ಅಳಿಸಬಹುದು, ಕೆತ್ತಿದ್ದನ್ನು ಅಳಿಸಲಾಗದು. ದೇವರ ಸನ್ನಿಧಿಗೆ ಹೋಗುವಾಗ ತನಗೆ ಬೇಕಾದವರನ್ನಷ್ಟೇ ನೆನೆದು ಉಳಿದವರನ್ನು ಬಿಡುವ ಸ್ವಾತಂತ್ರ್ಯ ಆರೋನನಿಗಿರಲಿಲ್ಲ.

ಆದರೆ ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನ ಈ ವೈಭವದ ಉಡುಪೂ ಕಳಚುತ್ತದೆ. ಯಾಜಕಕಾಂಡದ 16ನೆಯ ಅಧ್ಯಾಯದ ಪ್ರಕಾರ ಮಹಾಯಾಜಕ ಅಂದು ಮೈತೊಳೆದು, ಬರೀ ನಾರಿನ ಬಟ್ಟೆ ತೊಟ್ಟು ಮಹಾಪವಿತ್ರ ಸ್ಥಾನಕ್ಕೆ ಹೋಗಬೇಕು. ಮೊದಲು ತನ್ನ ಮತ್ತು ತನ್ನ ಮನೆಯವರ ಪಾಪಕ್ಕಾಗಿ ಹೋರಿಯ ಬಲಿ, ಆಮೇಲೆ ಜನರ ಪಾಪಕ್ಕಾಗಿ ಹೋತದ ಬಲಿ. ಈ ಅನುಕ್ರಮವನ್ನು ದಯವಿಟ್ಟು ಗಮನಿಸಿ. ಜನರಿಗಾಗಿ ಬೇಡುವವನು ಮೊದಲು ಜನರಲ್ಲೊಬ್ಬನಾಗಿ ನಿಲ್ಲಬೇಕು.

ಯಾಜಕರ ತಪ್ಪನ್ನು ಬೈಬಲ್ ಎಲ್ಲಿಯೂ ಮುಚ್ಚಿಡುವುದಿಲ್ಲ. ಶೀಲೋವಿನಲ್ಲಿ ಯಾಜಕ ಏಲಿಯ ಮಕ್ಕಳ ಆಳು, ಭಕ್ತರು ಮಾಂಸ ಬೇಯಿಸುತ್ತಿರುವಾಗಲೇ ಮೂರು ಮೊನೆಯ ಕೊಕ್ಕೆ ಹಿಡಿದು ಬರುತ್ತಿದ್ದ. ಹಂಡೆಗೆ ಚುಚ್ಚಿ ಮೇಲಕ್ಕೆ ಬಂದಷ್ಟೂ ಯಾಜಕನದು. ಕೊಬ್ಬು ದೇವರಿಗೆ ಸಲ್ಲುವ ಮೊದಲೇ ಹಸಿಮಾಂಸ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇನೆ ಎಂದೂ ಗದರಿಸುತ್ತಿದ್ದ. ಯೇಸು ಹೇಳಿದ ಸಮಾರ್ಯದವನ ಕಥೆಯಲ್ಲೂ ಗಾಯಾಳುವನ್ನು ಕಂಡು ಮೊದಲು ಓರೆಯಾಗಿ ಹೋದವನು ಒಬ್ಬ ಯಾಜಕ. ಇದನ್ನು ಧರ್ಮವಿರೋಧಿಗಳು ಬರೆದು ಸೇರಿಸಲಿಲ್ಲ. ಪವಿತ್ರಗ್ರಂಥದ ಒಳಗಿನ ಮಾತು ಅದು. ಇಂದು ಗುರುಗಳ ತಪ್ಪನ್ನು ಎತ್ತಿ ಆಡುವವರನ್ನು ವಿಶ್ವಾಸದ ವೈರಿಗಳೆಂದು ದೂರುವುದು ಸರಿಯಲ್ಲ ಎಂದು ನಾನು ಹೇಳುವುದು ಈ ಧೈರ್ಯದಿಂದಲೇ.

ಇಬ್ರಿಯರಿಗೆ ಬರೆದ ಪತ್ರಿಕೆ ಯೇಸುವನ್ನು ಮಹಾಯಾಜಕನೆನ್ನುತ್ತದೆ. ಅವನು ಲೇವಿ ಕುಲದವನಲ್ಲ, ಯೂದ ಕುಲದವನು. ವಂಶದ ಲೆಕ್ಕದಲ್ಲಿ ಯಜ್ಞವೇದಿ ಮುಟ್ಟುವ ಹಕ್ಕಿಲ್ಲದವನು. ಪತ್ರಿಕೆ ಆ ತೊಡಕನ್ನು ಮರೆಮಾಚದೆ, ಅಬ್ರಹಾಮನಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ತಂದುಕೊಟ್ಟ, ಅರಸನೂ ಯಾಜಕನೂ ಆಗಿದ್ದ ಮೆಲ್ಕಿಜೆದೇಕನತ್ತ ಕೈ ತೋರಿಸುತ್ತದೆ. ಎರಡೂ ಅಧಿಕಾರಗಳು ಇಲ್ಲಿ ಯೇಸುವಿನಲ್ಲಿ ಕೂಡಿದವು. ಆದರೆ ಈ ಕೈ ಖಡ್ಗ ಹಿಡಿಯಲಿಲ್ಲ, ಶಿಷ್ಯರ ಕಾಲು ತೊಳೆಯಿತು. ಸತ್ತದ್ದೂ ಊರಬಾಗಿಲಿನ ಹೊರಗೆ. ಹುಟ್ಟಿನ ಬಲದಿಂದ ಬರುವ ಪೌರೋಹಿತ್ಯ ಅಲ್ಲಿಗೆ ಮುಗಿಯಿತು. ಕ್ರೈಸ್ತ ಸಭೆಯಲ್ಲೂ ಜಾತಿ ನೋಡಿ ಗುರುವನ್ನು ಒಪ್ಪುವ, ಬಿಡುವ ಮನಸ್ಸು ಇನ್ನೂ ಇದ್ದರೆ, ಅದು ಈ ಪತ್ರಿಕೆಯ ಏಳನೆಯ ಅಧ್ಯಾಯಕ್ಕೇ ಎದುರು ನಿಲ್ಲುತ್ತದೆ.

ಪೇತ್ರನ ಮೊದಲ ಪತ್ರಿಕೆ ಇಡೀ ವಿಶ್ವಾಸಿ ಸಮೂಹವನ್ನೇ ರಾಜವಂಶದ ಯಾಜಕರೆಂದು ಕರೆಯುತ್ತದೆ. 1520ರಲ್ಲಿ ಲೂಥರ್ ಇದನ್ನು ಹಿಡಿದೇ ವಾದಿಸಿದ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸರ್ವರ ಯಾಜಕತ್ವವನ್ನು ಎತ್ತಿ ಹಿಡಿಯಿತು. ದೀಕ್ಷೆ ಪಡೆದವರ ಯಾಜಕತ್ವ ಸ್ವರೂಪದಲ್ಲೇ ಬೇರೆ ಎಂದೂ, ಎರಡೂ ಒಂದಕ್ಕೊಂದು ಹೊಂದಿಕೊಂಡಿವೆ ಎಂದೂ ಹೇಳಿತು. ಈ ಭೇದದ ಚರ್ಚೆಯನ್ನು ಮುಂದಿನ ಗೋಷ್ಠಿಗೆ ಬಿಡುತ್ತೇನೆ.

ಆ ಭೇದಕ್ಕಿಂತ ನನಗೆ ಇದೇ ತಾಲ್ಲೂಕಿನ ಬಳ್ಳಿಗಾವಿಯ ಮಾತು ಮುಖ್ಯ. ಅಲ್ಲಿನ ಕೋಡಿಯಮಠದ 1162ರ ಶಾಸನ ಕಾಳಾಮುಖ ಶೈವ ಗುರುಗಳ ಪಾಂಡಿತ್ಯವನ್ನು ಹೊಗಳಿ ಸುಮ್ಮನಾಗುವುದಿಲ್ಲ. ಬಡವರು, ಕುರುಡರು, ಕಿವುಡರು, ಕುಂಟರು ಅಲ್ಲಿ ಉಣ್ಣುತ್ತಿದ್ದರು, ರೋಗಿಗಳಿಗೆ ಔಷಧ ಸಿಗುತ್ತಿತ್ತು ಎಂದು ದಾಖಲಿಸುತ್ತದೆ. ಗುರುಪೀಠವನ್ನು ಅಲ್ಲಿ ಉಂಡವರ ಮೂಲಕ ಗುರುತಿಸುವ ಈ ಕನ್ನಡದ ಅಳತೆಗೋಲನ್ನು ಶಿವಮೊಗ್ಗ ಧರ್ಮಪ್ರಾಂತ್ಯದ ಗುರುಗಳೂ ಇತರ ಸಭೆಗಳ ಪಾಲಕರೂ ತಮ್ಮದಾಗಿಸಿಕೊಳ್ಳಬೇಕೆಂಬುದು ನನ್ನ ಮನದಾಳದ ಆಸೆ.

ಪಕ್ಕದಲ್ಲೇ ಅಕ್ಕಮಹಾದೇವಿಯ ಉಡುತಡಿ ಇದೆ; ಹೆಣ್ಣುಮಕ್ಕಳ ಯಾಜಕತ್ವದ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ದಕ್ಷಿಣ ಭಾರತ ಸಭೆ 1976ರಿಂದ ಮಹಿಳೆಯರಿಗೆ ದೀಕ್ಷೆ ಕೊಡುತ್ತಿದೆ. 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ ಆಗಿಯೂ ಆರಿಸಿತು. ಕಥೋಲಿಕ ಸಭೆಯಾದರೋ ತನಗೆ ಅಂಥ ಅಧಿಕಾರವಿಲ್ಲವೆಂದು 1994ರಲ್ಲಿ ಸ್ಪಷ್ಟವಾಗಿ ಸಾರಿದೆ. ಎರಡೂ ನಿಲುವಿನವರು ಈ ಸಭಾಂಗಣದಲ್ಲಿದ್ದೀರಿ. ಒಂದೇ ಮನವಿ: ಮಧ್ಯಾಹ್ನದ ಗೋಷ್ಠಿಯಲ್ಲಿ ಸಂಪ್ರದಾಯದ ಮಾತಿನೊಂದಿಗೆ ಆರೋನನ ಪದಕವನ್ನೂ ಮುಂದಿಟ್ಟುಕೊಂಡು ಚರ್ಚಿಸಿ. ಅಲ್ಲಿ ಕೆತ್ತಿದ ಕುಲಗಳಲ್ಲಿ ಹೆಣ್ಣುಮಕ್ಕಳೂ ಇದ್ದರು. ಅವರ ಪರವಾಗಿ ಯಾರು, ಹೇಗೆ ನಿಲ್ಲಬೇಕು ಎಂಬುದನ್ನು ಇಲ್ಲಿಗೆ ಬಂದಿರುವ ಸಹೋದರಿಯರ ಬಾಯಿಂದಲೇ ಮೊದಲು ಕೇಳೋಣ.