ಬೀಟು ಏರಿತು, ಮಾತು ಇಳೀತು

ಹೊಂಗನೂರಿಂದ ನಾನು. ಇವತ್ತು ಬ್ಲ್ಯಾಕ್ ಐಡ್ ಪೀಸ್ ವಿಷಯ. 'ಐ ಗಾಟ್ಟಾ ಫೀಲಿಂಗ್' ಕೇಳಿರ್ತೀರ, ಮದುವೆ ರಿಸೆಪ್ಷನ್ ಡಿಜೆಗಳಿಗೆ ಅದು ಇವತ್ತಿಗೂ ಇಷ್ಟ. ಆದ್ರೆ 1998ರಲ್ಲಿ ಮೊದಲ ಆಲ್ಬಂ ತಂದಾಗ ಈ ತಂಡ ಅಪ್ಪಟ ಹಿಪ್-ಹಾಪ್. ಮಾತೇ ಬಂಡವಾಳ. 2003ರ 'ವೇರ್ ಈಸ್ ದ ಲವ್?' ಹಾಡು ಯುದ್ಧ, ದ್ವೇಷದ ಬಗ್ಗೆ ನೇರವಾಗೇ ಕೇಳ್ತು.

2009ರಲ್ಲಿ 'ದಿ ಇ.ಎನ್.ಡಿ.' ಬಂತು. ಸಿಂಥ್, ಆಟೋಟ್ಯೂನ್, ಫ್ರಾನ್ಸಿನ ಡಿಜೆ ಡೇವಿಡ್ ಗೆಟ್ಟಾ. ಎರಡೇ ಹಾಡು ಸೇರಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಸತತ 26 ವಾರ ನಂಬರ್ ಒನ್! ಬಿಕಾಂ ಓದಿದ ನಾನು ಇದನ್ನ ನಷ್ಟದ ವ್ಯಾಪಾರ ಅನ್ನೋಕಾಗಲ್ಲ. ಮರುವರ್ಷ 1987ರ 'ಡರ್ಟಿ ಡ್ಯಾನ್ಸಿಂಗ್' ಸಿನಿಮಾದ ಹಾಡನ್ನೇ ಎತ್ತಿ 'ದಿ ಟೈಮ್' ಮಾಡಿದ್ರು. ನನಗೆ ಬೇಜಾರಾಗಿದ್ದು ಅಲ್ಲಿ. ಹಳೇ ಪಲ್ಲವಿ ಬಿಟ್ರೆ ಹೇಳೋಕೆ ಏನೂ ಇರ್ಲಿಲ್ಲ.

ಹಳೇದನ್ನ ಎತ್ತೋದು ತಪ್ಪಲ್ಲ ಕಣ್ರೀ. ಇದೇ ತಂಡ 2003ರ 'ಎಲಿಫಂಕ್ ಥೀಮ್'ನಲ್ಲಿ ಇಳಯರಾಜರ ಹಾಡು ಬಳಸಿತ್ತು, 1985ರ ತಮಿಳಿನ 'ಶ್ರೀ ರಾಘವೇಂದ್ರರ್' ಚಿತ್ರದ್ದು. ಹೌದು, ನಮ್ಮ ಮಂತ್ರಾಲಯದ ರಾಯರ ಕಥೆ, ರಾಯರಾಗಿ ರಜನಿ!

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಚನ್ನಪಟ್ಟಣದ ಕಡೆ ಕನ್ನಡದಲ್ಲಿ ರ‍್ಯಾಪ್ ಬರೆಯೋ ಹುಡುಗ್ರು ಈಗ ರೀಲ್ಸ್‌ಗೆ ಹದಿನೈದು ಸೆಕೆಂಡ್ ಕುಣಿಸಿದ್ರೆ ಸಾಕು ಅಂತಿದಾರೆ. ಕುಣಿಸ್ರಪ್ಪಾ, ಬೇಡ ಅಂದೋರ್ಯಾರು? ಡಿಸ್ಕೋ ಬೇಕಾ, ಶಂಕರ್ ನಾಗ್ ಅವರ 1981ರ 'ಗೀತಾ' ಕೇಳಿ ಕಲೀರಿ. ಆದ್ರೆ ಎರಡನೇ ಚರಣದಲ್ಲಿ ರೇಷ್ಮೆಗೂಡಿನ ರೇಟಿನ ಬಗ್ಗೆ ನಾಲ್ಕು ಸಾಲು ಇರಲಿ. ಡಿಜೆ ಅದನ್ನ ಕಟ್ ಮಾಡ್ತಾನಾ, ನೋಡೇಬಿಡೋಣ. ಬರೆದೋರು ಕಳಿಸಿ, ಮುಂದಿನ ಎಪಿಸೋಡಲ್ಲಿ ಪೂರ್ತಿ ಹಾಕ್ತೀನಿ.